ನೈಸ್ 19 ಕೊಟ್ಟರೂ ಮಷೀನ್ ಯಾಕೆ ಒದ್ದಾಡುತ್ತೆ? ಪ್ರಾಸೆಸ್ ಪಾಳಿಯ ದೋಷ ಹುಡುಕುವ ಬಗೆ

“ವಿಡಿಯೋ ರೆಂಡರ್ ಹಚ್ಚಿದ್ರ ಸಾಕ್ರೀ ಸರ, ಬಿಲ್ ಮಾಡೋ ಪರದೆ ಗಪ್ಪ್ ಕುಂದರತೈತಿ. ಮೌಸ್ ಸೈತ ನಿಂತ ನಿಂತ ಹೊಂಟೈತಿ. ಗಿರಾಕಿ ಬೈಯಾಕತ್ತಾರ.”

ಬಾಗಲಕೋಟೆ ನವನಗರದ ಒಂದು ಫೋಟೋ ಸ್ಟುಡಿಯೋದಿಂದ ಬಂದ ಫೋನ್ ಇದು. ಮದುವೆ ಸೀಸನ್ ಜೋರಾಗಿತ್ತು. ಅಲ್ಲಿರೋದು ಒಂದೇ ಗಟ್ಟಿ ಕಂಪ್ಯೂಟರ್. ನಾಲ್ಕು ಕೋರ್, 8 ಜಿಬಿ ಮೆಮೊರಿ, ಉಬುಂಟು ಲಿನಕ್ಸ್. ಹಿಂದಿನ ಕೋಣೆಯ ಮದುವೆ ವಿಡಿಯೋ ಅದರಲ್ಲೇ ಎಫ್ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದ ಮೂಲಕ ತಯಾರಾಗುತ್ತದೆ. ಮುಂದಿನ ಕೌಂಟರಿನ ಪಾಸ್‌ಪೋರ್ಟ್ ಫೋಟೋ, ಬಿಲ್ಲು ಎಲ್ಲ ಅದರಲ್ಲೇ.

ಸ್ಟುಡಿಯೋ ಹುಡುಗ ಚುರುಕು. ನನಗೆ ಫೋನ್ ಮಾಡುವ ಮೊದಲೇ ಎರಡು ಪ್ರಯತ್ನ ಮಾಡಿದ್ದ. ಎಫ್ಎಫ್‌ಎಂಪೆಗ್‌ಗೆ ರಿನೈಸ್ ಆಜ್ಞೆ ಹೊಡೆದು ನೈಸ್ 19 ಕೊಟ್ಟಿದ್ದ. ನೈಸ್ ಅಂದರೆ ಓಡುತ್ತಿರುವ ಕಾರ್ಯಕ್ರಮ (ಪ್ರಾಸೆಸ್) ಸಿಪಿಯು ಪಾಳಿಯಲ್ಲಿ ಎಷ್ಟು ಹಿಂದೆ ನಿಲ್ಲಬೇಕು ಎಂದು ಹೇಳುವ ಸಂಖ್ಯೆ. ಏನೂ ಬದಲಾಗಲಿಲ್ಲ. ಸಿಟ್ಟಿಗೆದ್ದು ಬಿಲ್ಲಿಂಗ್‌ಗೆ ಮೈನಸ್ 20 ಕೊಟ್ಟ. ಆಗಲೂ ಅಷ್ಟೇ. “ಈ ಪ್ರಿಯಾರಿಟಿ ಅನ್ನೋದು ಸುಳ್ಳ ಐತೇನ್ರೀ ಸರ?” ಅಂತ ಕೇಳಿದ.

ಸುಳ್ಳಲ್ಲ. ಆದರೆ ಆ ಸಂಖ್ಯೆ ಕೆಲಸ ಮಾಡಬೇಕಾದರೆ ನಾಲ್ಕೈದು ಸಂಗತಿ ಸರಿ ಇರಬೇಕು. ಆ ಮಷೀನ್‌ನಲ್ಲಿ ಅವುಗಳಲ್ಲಿ ಮೂರು ತಪ್ಪಿದ್ದವು. ಅವನ್ನು ಹುಡುಕಿದ ಕ್ರಮದಲ್ಲೇ ಬರೆಯುತ್ತೇನೆ. ಆಜ್ಞೆಗಳನ್ನೂ ಫೈಲ್ ದಾರಿಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಹಾಕಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಪಾಳಿ ಇದ್ದರೆ ತಾನೇ ಪ್ರಿಯಾರಿಟಿ

ಕಬ್ಬಿನ ಸೀಸನ್‌ನಲ್ಲಿ ಮುಧೋಳ, ಜಮಖಂಡಿ ಕಡೆ ಹೋದವರಿಗೆ ಫ್ಯಾಕ್ಟರಿ ಗೇಟಿನ ಮುಂದಿನ ಟ್ರ್ಯಾಕ್ಟರ್ ಪಾಳಿ ಗೊತ್ತು. ಯಾರದೋ ಗಾಡಿಯನ್ನು ಮುಂದೆ ಬಿಡಿಸಿದರೆ ಲಾಭ ಯಾವಾಗ? ಗೇಟಿನಲ್ಲಿ ಪಾಳಿ ಇದ್ದಾಗ. ಗೇಟು ಖಾಲಿ ಇದ್ದರೆ ಮುಂದೆ ಬಿಟ್ಟರೂ ಅಷ್ಟೇ, ಬಿಡದಿದ್ದರೂ ಅಷ್ಟೇ. ಒಳಗೆ ತೂಕದ ಕಾಟಾನೇ ಕೆಟ್ಟು ಕೂತಿದ್ದರೆ ಗೇಟಿನ ಪಾಳಿ ಬದಲಿಸಿ ಏನು ಪ್ರಯೋಜನ?

ಸಿಪಿಯು ಆ ಗೇಟು. ನೈಸ್ ಸಂಖ್ಯೆ ಗೇಟಿನ ಪಾಳಿಗೆ ಮಾತ್ರ ಸಂಬಂಧಪಟ್ಟದ್ದು. ಡಿಸ್ಕು, ಮೆಮೊರಿ ಇವೆಲ್ಲ ಒಳಗಿನ ಕಾಟಾ. ಹಾಗಾಗಿ ಪ್ರಿಯಾರಿಟಿಗೆ ಕೈ ಹಾಕುವ ಮೊದಲು ಕಾಯುವಿಕೆ ಎಲ್ಲಿದೆ ನೋಡಬೇಕು. ತೊಂದರೆ ನಡೆಯುತ್ತಿರುವಾಗಲೇ ನೋಡಬೇಕು. ರೆಂಡರ್ ಮುಗಿದ ಮೇಲೆ ನೋಡಿದರೆ ಎಲ್ಲಾ ಚೆನ್ನಾಗೇ ಕಾಣುತ್ತದೆ.

ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಟಾಪ್ ಎಂದು ಹೊಡೆಯಿರಿ. ಮೇಲಿಂದ ಮೂರನೇ ಸಾಲು, ಸಿಪಿಯು ಸಾಲು. ಅದರಲ್ಲಿ ನನಗೆ ಬೇಕಾದವು ನಾಲ್ಕು. ಯುಎಸ್ ಅಂದರೆ ಸಾಮಾನ್ಯ ಕಾರ್ಯಕ್ರಮಗಳು ತಿಂದ ಸಮಯ. ಎನ್‌ಐ ಅಂದರೆ ನೈಸ್ ಸಂಖ್ಯೆ ಸೊನ್ನೆಗಿಂತ ಮೇಲಿರುವವು ತಿಂದ ಸಮಯ. ಐಡಿ ಅಂದರೆ ಖಾಲಿ ಕೂತದ್ದು. ಡಬ್ಲ್ಯೂಎ ಅಂದರೆ ಡಿಸ್ಕಿನ ದಾರಿ ಕಾಯುತ್ತಾ ಖಾಲಿ ಕೂತದ್ದು.

ಅವತ್ತು ಬೆಳಿಗ್ಗೆ ನಾನು ಕೂತಾಗ ಯುಎಸ್ 90ರ ಮೇಲೆ, ಎನ್‌ಐ 3ರ ಆಸುಪಾಸು, ಡಬ್ಲ್ಯೂಎ ಸೊನ್ನೆ. ಸರಿ, ಗೇಟಿನಲ್ಲಿ ನಿಜವಾಗಿ ಪಾಳಿ ಇದೆ. ಆದರೆ ಒಂದು ವಿಚಿತ್ರ ಗಮನಿಸಿದಿರಾ? ಹುಡುಗ ಎಫ್ಎಫ್‌ಎಂಪೆಗ್‌ಗೆ 19 ಕೊಟ್ಟಿದ್ದಾನೆ. ಸಿಪಿಯುವನ್ನು ತಿನ್ನುತ್ತಿರುವುದೂ ಅದೇ. ಹಾಗಿದ್ದರೆ ಆ 90 ಎನ್‌ಐ ಖಾತೆಗೆ ಬೀಳಬೇಕಿತ್ತು. ಯುಎಸ್ ಖಾತೆಗೆ ಯಾಕೆ ಬಿತ್ತು?

ಈ ಒಂದು ಸುಳಿವೇ ಅರ್ಧ ಕೆಲಸ ಮುಗಿಸಿತು. ಅದಕ್ಕೆ ಬರುವ ಮೊದಲು ಸಂಖ್ಯೆ ಓದುವ ವಿಚಾರ.

ಒಂದೇ ಪ್ರಾಸೆಸ್, ಮೂರು ಸಂಖ್ಯೆ

ನೈಸ್ ಮೈನಸ್ 20ರಿಂದ 19ರವರೆಗೆ ಇರುತ್ತದೆ. ಏನೂ ಹೇಳದಿದ್ದರೆ 0. ಸಂಖ್ಯೆ ದೊಡ್ಡದಾದಷ್ಟೂ ಪಾಳಿಯಲ್ಲಿ ಹಿಂದೆ. ಇದು ಎಲ್ಲರಿಗೂ ಒಂದು ಸಲ ತಲೆಕೆಳಗಾಗಿ ಕಾಣುತ್ತದೆ. ನಾನು ನೆನಪಿಟ್ಟುಕೊಳ್ಳೋದು ಹೀಗೆ: ನಾವು ‘ನೈಸಾಗಿ ಜಾರಿಕೊಂಡ’ ಅಂತೀವಲ್ಲ, ಹೆಚ್ಚು ನೈಸಾದವನು ಬದಿಗೆ ಜಾರಿ ಬೇರೆಯವರಿಗೆ ದಾರಿ ಬಿಡುತ್ತಾನೆ.

ಟಾಪ್‌ನಲ್ಲಿ ಎನ್‌ಐ ಅನ್ನೋ ಕಾಲಂ ನೈಸ್. ಪಕ್ಕದ ಪಿಆರ್ ಅಂದರೆ ನೈಸ್‌ಗೆ 20 ಕೂಡಿಸಿದ್ದು. ನೈಸ್ 0 ಇದ್ದರೆ ಪಿಆರ್ 20, ನೈಸ್ 19 ಇದ್ದರೆ 39. ಈಗ ನೈಸ್ 0 ಇರುವ ಪ್ರಾಸೆಸನ್ನೇ ‘ಪಿಎಸ್ -ಎಲ್’ ಎಂದು ನೋಡಿ. 80 ಅಂತ ತೋರಿಸುತ್ತದೆ. ‘ಪಿಎಸ್ -ಒ ಪಿಆರ್‌ಐ’ ಎಂದು ಕೇಳಿದರೆ 19 ಅನ್ನುತ್ತದೆ, ಅದೂ ದೊಡ್ಡದಾದಷ್ಟೂ ಮುಂದೆ ಅನ್ನೋ ಲೆಕ್ಕದಲ್ಲಿ. ಮೂರೂ ಒಂದೇ ಪ್ರಾಸೆಸ್, ಒಂದೇ ಸ್ಥಿತಿ. ಹಳೇ ಯೂನಿಕ್ಸ್ ಲೆಕ್ಕಗಳು ಹೀಗೆ ಉಳಿದುಕೊಂಡಿವೆ. ಈ ಗೊಂದಲದಲ್ಲಿ ಬೀಳಬೇಡಿ. ಎನ್‌ಐ ಒಂದನ್ನೇ ನೋಡಿ:

ಪಿಎಸ್ -ಇಒ ಪಿಐಡಿ,ಎನ್‌ಐ,ಸಿಎಲ್‌ಎಸ್,ಕಾಮ್

ಪಿಐಡಿ ಅಂದರೆ ಪ್ರಾಸೆಸ್‌ನ ಗುರುತಿನ ಸಂಖ್ಯೆ. ಸಿಎಲ್‌ಎಸ್ ಕಾಲಂನಲ್ಲಿ ಟಿಎಸ್ ಅಂತಿದ್ದರೆ ಸಾಮಾನ್ಯ ಪಾಳಿ. ಎಫ್ಎಫ್ ಅಥವಾ ಆರ್‌ಆರ್ ಅಂತಿದ್ದರೆ ಅದು ರಿಯಲ್‌ಟೈಮ್, ಅಲ್ಲಿ ನೈಸ್ ಲೆಕ್ಕಕ್ಕೇ ಇಲ್ಲ. ಆಗ ಎನ್‌ಐ ಜಾಗದಲ್ಲಿ ಒಂದು ಗೆರೆ ಮಾತ್ರ ಕಾಣುತ್ತದೆ.

ಸಂಖ್ಯೆಗೆ ಬೆಲೆ ಎಷ್ಟು? ಲಿನಕ್ಸ್‌ನಲ್ಲಿ ಪ್ರತಿ ನೈಸ್‌ಗೂ ಒಂದು ತೂಕ ಇದೆ. 0ಕ್ಕೆ 1024, 5ಕ್ಕೆ 335, 10ಕ್ಕೆ 110, 15ಕ್ಕೆ 36, 19ಕ್ಕೆ ಬರೀ 15. ನೈಸ್ ಒಂದು ಏರಿದರೆ ತೂಕ ಸುಮಾರು 1.25 ಪಟ್ಟು ಕಮ್ಮಿ. ಒಂದೇ ಕೋರ್‌ಗೆ 0 ಮತ್ತು 5 ಇರುವ ಇಬ್ಬರು ಹೊಡೆದಾಡಿದರೆ 75ಕ್ಕೆ 25ರ ಹಂಚಿಕೆ. 0 ಮತ್ತು 10 ಆದರೆ 90ಕ್ಕೆ 10. 0 ಮತ್ತು 19 ಆದರೆ 98ಕ್ಕಿಂತ ಜಾಸ್ತಿ ಮೊದಲನೆಯವನಿಗೆ. ಆದರೂ 19ರವನು ಉಪವಾಸ ಸಾಯೋದಿಲ್ಲ, ಅವನ ತುತ್ತು ಅವನಿಗೆ ಬರುತ್ತದೆ. ಎದುರಾಳಿ ಯಾರೂ ಇಲ್ಲದಿದ್ದರೆ 19ರವನೂ ಪೂರ್ತಿ ಸಿಪಿಯು ತಿನ್ನುತ್ತಾನೆ. ‘19 ಕೊಟ್ಟೀನಿ, ಆದ್ರೂ ನೂರಕ್ಕೆ ನೂರು ತೋರಸ್ತೈತಿ’ ಅನ್ನೋ ದೂರು ಅದಕ್ಕೇ ದೂರಲ್ಲ. 2007ರಲ್ಲಿ 2.6.23 ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆ ಪಾಳಿ ಹಂಚುವ ಸಿಎಫ್‌ಎಸ್ ಶೆಡ್ಯೂಲರ್ ಬಂತು, 2023ರಲ್ಲಿ 6.6ರಿಂದ ಅದರ ಜಾಗಕ್ಕೆ ಇಇವಿಡಿಎಫ್ ಬಂತು. ತೂಕದ ಕೋಷ್ಟಕ ಮಾತ್ರ ಅದೇ.

ಮೊದಲ ದೋಷ: ಯಜಮಾನ ಹಿಂದೆ ಸರಿದ, ಆಳುಗಳು ಅಲ್ಲೇ ನಿಂತರು

ಮತ್ತೆ ಆ ಸುಳಿವಿಗೆ ಬರೋಣ. ಎಫ್ಎಫ್‌ಎಂಪೆಗ್ 19ರಲ್ಲಿದೆ, ಆದರೆ ಸಮಯ ಯುಎಸ್ ಖಾತೆಗೆ ಬೀಳುತ್ತಿದೆ.

ಟಾಪ್ ಓಡುತ್ತಿರುವಾಗಲೇ ದೊಡ್ಡಕ್ಷರದ ಎಚ್ ಒತ್ತಿದೆ. ಹುಡುಗ ಪಕ್ಕದಲ್ಲೇ ನಿಂತಿದ್ದ. ಅಲ್ಲಿಯವರೆಗೆ ಒಂದೇ ಸಾಲಾಗಿದ್ದ ಎಫ್ಎಫ್‌ಎಂಪೆಗ್ ಒಡೆದು ಹತ್ತು ಹನ್ನೆರಡು ಸಾಲಾಯಿತು. ಎನ್‌ಐ ಕಾಲಂ ಮೇಲೆ ಬೆರಳಿಟ್ಟು ಕೆಳಗೆ ಎಳೆದೆ. 0, 0, 0, 0, 0. ತೀರಾ ಕೆಳಗೆ, ಸಿಪಿಯು 1 ಶೇಕಡಾ ಕೂಡ ತಿನ್ನದ ಒಂದು ಸಾಲಿನಲ್ಲಿ 19. “ಅಯ್ಯ, ಇದೊಂದಕ್ಕ ಅಷ್ಟೇ ಹತ್ತೈತಲ್ರೀ!” ಅಂದ.

ಆಗಿದ್ದು ಇಷ್ಟು. ಲಿನಕ್ಸ್‌ನಲ್ಲಿ ನೈಸ್ ಅನ್ನೋದು ಪೂರ್ತಿ ಪ್ರಾಸೆಸ್‌ಗೆ ಅಲ್ಲ, ಅದರೊಳಗಿನ ಕೆಲಸದ ಎಳೆಗೆ, ಅಂದರೆ ಒಂದೊಂದು ಥ್ರೆಡ್‌ಗೂ ಬೇರೆ ಬೇರೆ. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆಲ್ಲ ಮಾಡಿದ ಪೋಸಿಕ್ಸ್ ನಿಯಮ ಹೇಳೋದು ಪ್ರಾಸೆಸ್‌ಗೆಲ್ಲ ಒಂದೇ ಇರಬೇಕು ಅಂತ. ಲಿನಕ್ಸ್ ಹಾಗೆ ನಡೆದುಕೊಳ್ಳೋದಿಲ್ಲ. ‘ರಿನೈಸ್ -ಪಿ’ ಎಂದು ಪಿಐಡಿ ಕೊಟ್ಟರೆ ಬದಲಾಗೋದು ಆ ಸಂಖ್ಯೆಯ ಮುಖ್ಯ ಥ್ರೆಡ್ ಒಂದೇ. ಎಫ್ಎಫ್‌ಎಂಪೆಗ್‌ನ ನಿಜವಾದ ದುಡಿಮೆ ಬೇರೆ ಥ್ರೆಡ್‌ಗಳದ್ದು. ಅವು ಆಗಲೇ ಹುಟ್ಟಿ ಕೆಲಸಕ್ಕೆ ನಿಂತಿದ್ದವು. ಯಜಮಾನ ಪಾಳಿಯಲ್ಲಿ ಹಿಂದೆ ಹೋದ. ಆಳುಗಳು ಮುಂದೆ ನಿಂತು ಒಯ್ಯುತ್ತಲೇ ಇದ್ದರು.

ಓಡುತ್ತಿರುವುದನ್ನೇ ಸರಿ ಮಾಡಬೇಕಾದರೆ ಎರಡು ದಾರಿ. ಒಂದು, ಎಲ್ಲಾ ಥ್ರೆಡ್ ಸಂಖ್ಯೆಗಳನ್ನೂ ಒಟ್ಟಿಗೆ ಕೊಡೋದು:

ರಿನೈಸ್ -ಎನ್ 15 -ಪಿ $(ಎಲ್‌ಎಸ್ /ಪ್ರೊಕ್/4312/ಟಾಸ್ಕ್)

4312 ಇರುವಲ್ಲಿ ನಿಮ್ಮ ಪಿಐಡಿ ಹಾಕಿ. ಪ್ರೊಕ್ ಒಳಗಿನ ಟಾಸ್ಕ್ ಫೋಲ್ಡರ್‌ನಲ್ಲಿ ಪ್ರತಿ ಥ್ರೆಡ್‌ಗೂ ಒಂದು ಫೋಲ್ಡರ್ ಇರುತ್ತದೆ, ಅದರ ಹೆಸರೇ ಅದರ ಸಂಖ್ಯೆ. ಇನ್ನೊಂದು ದಾರಿ ‘-ಪಿ’ ಬದಲು ‘-ಜಿ’ ಹಾಕಿ ಪ್ರಾಸೆಸ್ ಗುಂಪಿನ ಸಂಖ್ಯೆ ಕೊಡೋದು. ಅದು ಗುಂಪಿನ ಎಲ್ಲಾ ಥ್ರೆಡ್‌ಗಳಿಗೂ ತಗಲುತ್ತದೆ. ಗುಂಪಿನ ಸಂಖ್ಯೆ ‘ಪಿಎಸ್ -ಒ ಪಿಜಿಐಡಿ -ಪಿ 4312’ ಎಂದರೆ ಸಿಗುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಶುರುವಿನಲ್ಲೇ ನೈಸ್ ಹಾಕಿ ಬಿಡೋದು:

ನೈಸ್ -ಎನ್ 15 ಎಫ್ಎಫ್‌ಎಂಪೆಗ್ …

ಆಮೇಲೆ ಹುಟ್ಟುವ ಥ್ರೆಡ್‌ಗಳೂ ಮಕ್ಕಳೂ ಅದೇ 15ನ್ನು ಪಡೆದೇ ಹುಟ್ಟುತ್ತವೆ. ಇಲ್ಲೊಂದು ಸಣ್ಣ ಎಡವಟ್ಟು ಇದೆ. ನೈಸ್ ಆಜ್ಞೆಯ 15 ಅಂದರೆ ಈಗಿರುವುದಕ್ಕೆ 15 ಕೂಡಿಸು ಅಂತ. ರಿನೈಸ್‌ನ 15 ಅಂದರೆ ಸಾಮಾನ್ಯವಾಗಿ ನೇರವಾಗಿ 15ಕ್ಕೆ ಇಡು ಅಂತ. ಆಗಲೇ 10ರಲ್ಲಿರುವ ಟರ್ಮಿನಲ್‌ನಿಂದ ‘ನೈಸ್ -ಎನ್ 15’ ಹೊಡೆದರೆ 25 ಆಗಬೇಕು, ಆದರೆ 19ಕ್ಕೆ ನಿಲ್ಲುತ್ತದೆ. ಸಂಖ್ಯೆ ಹಾಕದೆ ಬರೀ ‘ನೈಸ್’ ಎಂದು ಬರೆದು ಕಾರ್ಯಕ್ರಮದ ಹೆಸರು ಕೊಟ್ಟರೆ 10 ಕೂಡುತ್ತದೆ.

ಎಲ್ಲಾ ಥ್ರೆಡ್‌ಗೂ 15 ಬಿದ್ದ ಮೇಲೆ ಟಾಪ್‌ನ ಮೂರನೇ ಸಾಲು ನೋಡಿದೆ. ಯುಎಸ್ ಇಳಿದು ಎನ್‌ಐ ಏರಿತ್ತು. ಬಿಲ್ಲಿನ ಪರದೆ ತೆರೆಯಿತು. ಮೌಸ್ ಸರಾಗ ಓಡಿತು. ನಾನು ಚಾ ಕುಡಿದು ಮನೆಗೆ ಬಂದೆ.

ನಡುವೆ ಒಂದು ಹಳೇ ಗಾಯ: ಮೈನಸ್ 20

ಹೊರಡುವ ಮೊದಲು ಬಿಲ್ಲಿಂಗ್‌ನ ಮೈನಸ್ 20 ತೆಗೆಯಬೇಕಿತ್ತು. ಹುಡುಗ ಅದನ್ನು ಕೊಟ್ಟಿದ್ದು ಹೇಗೆ? ‘ಸುಡು ನೈಸ್ -ಎನ್ -20’ ಎಂದು ಬರೆದು ಬಿಲ್ಲಿಂಗ್ ಕಾರ್ಯಕ್ರಮವನ್ನೇ ಶುರು ಮಾಡಿದ್ದ. ಸುಡು ಅನ್ನೋದು ರೂಟ್ ಹೆಸರಿನಲ್ಲಿ, ಅಂದರೆ ಮಷೀನ್‌ನ ಎಲ್ಲಾ ಅಧಿಕಾರ ಇರುವ ಖಾತೆಯ ಹೆಸರಿನಲ್ಲಿ, ಓಡಿಸುವ ಆಜ್ಞೆ. ಹಾಗಾಗಿ ಬಿಲ್ಲಿಂಗ್ ರೂಟ್ ಹೆಸರಿನಲ್ಲಿ ಓಡಿತ್ತು. ಅವತ್ತು ಅದು ಹೊಸದಾಗಿ ಬರೆದ ಫೈಲ್‌ಗಳೆಲ್ಲ ರೂಟ್ ಸ್ವತ್ತು. ಮರುದಿನ ಸುಡು ಇಲ್ಲದೆ ತೆರೆದಾಗ ‘ಉಳಿಸಲು ಆಗುತ್ತಿಲ್ಲ’ ಎಂಬ ಹೊಸ ತೊಂದರೆ. ಅದನ್ನು ಅವನು ಸಾಫ್ಟ್‌ವೇರ್‌ನ ದೋಷ ಅಂದುಕೊಂಡಿದ್ದ. ಚೌನ್ ಆಜ್ಞೆಯಿಂದ ಒಡೆತನ ಮರಳಿಸಿ ಸರಿ ಮಾಡಿದೆ.

ನಿಯಮ ಸರಳ. ನಿಮ್ಮ ಪ್ರಾಸೆಸ್‌ನ ನೈಸ್ ಏರಿಸಲು, ಅಂದರೆ ಹಿಂದೆ ಸರಿಯಲು, ಯಾರ ಅಪ್ಪಣೆಯೂ ಬೇಡ. ಇಳಿಸಲು, ಅಂದರೆ ಮುಂದೆ ನುಗ್ಗಲು, ರೂಟ್ ಬೇಕು. 15 ಕೊಟ್ಟು ಆಮೇಲೆ ಮನಸ್ಸು ಬದಲಿಸಿ 5ಕ್ಕೆ ತರೋಣ ಅಂದರೂ ‘ಪರ್ಮಿಷನ್ ಡಿನೈಡ್’ ಬರುತ್ತದೆ. ನಿಮ್ಮದೇ ಪ್ರಾಸೆಸ್ ಆದರೂ ಸರಿ. ಇದು ದೋಷ ಅಲ್ಲ. ಮುಂದೆ ತರಲೇಬೇಕಾದರೆ ಕಾರ್ಯಕ್ರಮವನ್ನು ಮಾಮೂಲಿ ಬಳಕೆದಾರನಾಗಿಯೇ ಶುರು ಮಾಡಿ, ಆಮೇಲೆ ‘ಸುಡು ರಿನೈಸ್’ ಮಾಡಿ. ಒಡೆತನ ಕೆಡೋದಿಲ್ಲ. ದಿನಾ ಬೇಕೆಂದರೆ ಇಟಿಸಿ ಒಳಗಿನ ಸೆಕ್ಯುರಿಟಿ ಫೋಲ್ಡರ್‌ನ ಲಿಮಿಟ್ಸ್ ಫೈಲ್‌ನಲ್ಲಿ ಆ ಬಳಕೆದಾರನಿಗೆ ನೈಸ್ ಮಿತಿ ಬರೆದಿಡಬಹುದು. ಲಾಗ್ಔಟ್ ಆಗಿ ಬಂದ ಮೇಲೆ ಅದು ಜಾರಿಗೆ ಬರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಬಿಲ್ಲಿಂಗ್‌ನಂಥದ್ದಕ್ಕೆ ಮೈನಸ್ ಬೇಕಾಗೇ ಇಲ್ಲ. ಅದು ಹೆಚ್ಚಿನ ಹೊತ್ತು ಕೀಲಿ ಒತ್ತೋದನ್ನು ಕಾಯುತ್ತಾ ಮಲಗಿರುತ್ತದೆ. ಗದ್ದಲ ಮಾಡುವವನನ್ನು ಹಿಂದೆ ಕಳಿಸಿದರೆ ಸಾಕು. ಮೈನಸ್ 20ರ ತೂಕ 88761. ಅಷ್ಟು ತೂಕದ ಕಾರ್ಯಕ್ರಮ ಯಾವತ್ತಾದರೂ ಲೂಪ್‌ನಲ್ಲಿ ಸಿಕ್ಕಿಕೊಂಡರೆ ಡೆಸ್ಕ್‌ಟಾಪೇ ಉಸಿರುಗಟ್ಟುತ್ತದೆ.

ಗುಂಪಿನ ಗೋಡೆ

ಇದು ಈ ಸ್ಟುಡಿಯೋದಲ್ಲಿ ಇರಲಿಲ್ಲ. ಆದರೆ ಬೇರೆ ಕಡೆ ನನ್ನನ್ನು ಒಂದು ಪೂರ್ತಿ ಮಧ್ಯಾಹ್ನ ಕೂರಿಸಿದೆ. ಎಲ್ಲಾ ಥ್ರೆಡ್‌ಗಳಿಗೂ 19 ಬಿದ್ದಿದೆ, ಸಿಪಿಯು ಪೂರ್ತಿ ತುಂಬಿದೆ, ಆದರೂ ಹಂಚಿಕೆ ಅರ್ಧರ್ಧ. ಏನಿದು?

2011ರಲ್ಲಿ ಬಂದ 2.6.38 ಕರ್ನಲ್‌ನಿಂದ ಆಟೋಗ್ರೂಪ್ ಅಂತ ಒಂದಿದೆ. ಪ್ರತಿ ಟರ್ಮಿನಲ್ ಸೆಷನ್ ಒಂದು ಗುಂಪು. ಸಿಪಿಯು ಮೊದಲು ಗುಂಪುಗಳ ನಡುವೆ ಸಮನಾಗಿ ಹಂಚುತ್ತದೆ. ನೈಸ್ ಲೆಕ್ಕ ಗುಂಪಿನ ಒಳಗೆ ಮಾತ್ರ. ಒಂದು ಗುಂಪಿನಲ್ಲಿ ಒಬ್ಬನೇ ಇದ್ದು ಅವನಿಗೆ 19 ಕೊಟ್ಟರೆ, ಅವನು ಯಾರಿಗೆ ದಾರಿ ಬಿಡಬೇಕು? ಪಕ್ಕದ ಗುಂಪಿನವನು ಅವನ ಲೆಕ್ಕಕ್ಕೇ ಬರೋದಿಲ್ಲ.

ನಿಮ್ಮ ಮಷೀನ್‌ನಲ್ಲಿ ಈ ಗೋಡೆ ಇದೆಯಾ ತಿಳಿಯಲು ಎರಡು ನಿಮಿಷ ಸಾಕು. ಒಂದೇ ಟರ್ಮಿನಲ್‌ನಲ್ಲಿ ಈ ಎರಡು ಸಾಲು ಹೊಡೆಯಿರಿ:

ಟಾಸ್ಕ್‌ಸೆಟ್ -ಸಿ 0 ಯೆಸ್ > /ಡೆವ್/ನಲ್ &
ಟಾಸ್ಕ್‌ಸೆಟ್ -ಸಿ 0 ನೈಸ್ -ಎನ್ 19 ಯೆಸ್ > /ಡೆವ್/ನಲ್ &

ಟಾಸ್ಕ್‌ಸೆಟ್ ಎರಡನ್ನೂ 0 ನಂಬರಿನ ಕೋರ್‌ಗೆ ಕಟ್ಟಿಹಾಕುತ್ತದೆ. ಅದನ್ನು ಬಿಟ್ಟರೆ ಪರೀಕ್ಷೆಗೆ ಅರ್ಥವೇ ಇಲ್ಲ, ನಾಲ್ಕು ಕೋರ್ ಇದ್ದಾಗ ಇಬ್ಬರೂ ಬೇರೆ ಬೇರೆ ಗೇಟಿಗೆ ಹೋಗಿ ನೂರು ನೂರು ತಿನ್ನುತ್ತಾರೆ. ಟಾಪ್‌ನಲ್ಲಿ ನೋಡಿ. ಒಬ್ಬ 98ರ ಆಚೆ, ಇನ್ನೊಬ್ಬ 1 ಅಥವಾ 2. ಈಗ ‘ಕಿಲ್‌ಆಲ್ ಯೆಸ್’ ಎಂದು ಎರಡನ್ನೂ ನಿಲ್ಲಿಸಿ, ಒಂದೊಂದು ಸಾಲನ್ನು ಬೇರೆ ಬೇರೆ ಟರ್ಮಿನಲ್‌ನಲ್ಲಿ ಹೊಡೆಯಿರಿ. 50ಕ್ಕೆ 50 ಬಂದರೆ ಗೋಡೆ ಇದೆ ಅಂತಾಯಿತು.

ಆಗ ಗುಂಪಿಗೇ ನೈಸ್ ಕೊಡಬೇಕು. ಪ್ರೊಕ್ ಒಳಗೆ ಆ ಪಿಐಡಿ ಫೋಲ್ಡರ್‌ನಲ್ಲಿ ಆಟೋಗ್ರೂಪ್ ಅನ್ನೋ ಫೈಲ್ ಇರುತ್ತದೆ, ಅದಕ್ಕೆ 15 ಎಂದು ಬರೆದರೆ ಗುಂಪು ಪೂರ್ತಿ ಹಿಂದೆ ಸರಿಯುತ್ತದೆ. ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಕೂಡ ತನ್ನದೇ ಗುಂಪುಗಳನ್ನು ಮಾಡುತ್ತದೆ. ಅಲ್ಲಿ ನೈಸ್ ಬದಲು ಸಿಪಿಯುವೆಯ್ಟ್ ಅನ್ನೋ ತೂಕ (ಇದರಲ್ಲಿ ಸಿಪಿಯು ಪೂರ್ತಿ, ವೆಯ್ಟ್‌ನ ಮೊದಲ ಅಕ್ಷರ ದೊಡ್ಡದು). 1ರಿಂದ 10000ದವರೆಗೆ, ಸಾಮಾನ್ಯವಾಗಿ 100. ಭಾರದ ಕೆಲಸವನ್ನು ‘ಸಿಸ್ಟಮ್‌ಡಿ-ರನ್’ ಮೂಲಕ ಸಿಪಿಯುವೆಯ್ಟ್ 20 ಕೊಟ್ಟು ಓಡಿಸಿದರೆ ಥ್ರೆಡ್ ಲೆಕ್ಕದ ತಲೆನೋವೂ ತಪ್ಪುತ್ತದೆ, ಯಾಕೆಂದರೆ ತೂಕ ಇಡೀ ಗುಂಪಿಗೆ.

ಎರಡನೇ ದೋಷ: ಸಂಜೆಯ ಜಡತೆ

ಅವತ್ತೇ ಸಂಜೆ ಏಳಕ್ಕೆ ಮತ್ತೆ ಫೋನ್. “ಮತ್ತ ಗಪ್ಪ್ ಕುಂತೈತ್ರೀ ಸರ. ರೆಂಡರ್ ಸೈತ ಬಂದ್ ಐತಿ ಈಗ.”

ರೆಂಡರ್ ನಡೆಯುತ್ತಿಲ್ಲ ಅಂದ ಮೇಲೆ ಇದು ಬೇರೆ ಕಾಯಿಲೆ. ಟಾಪ್‌ನ ಮೂರನೇ ಸಾಲು ಓದಿ ಹೇಳು ಅಂದೆ. ಐಡಿ 50ರ ಮೇಲೆ, ಡಬ್ಲ್ಯೂಎ 35ರ ಹತ್ತಿರ, ಮೊದಲ ಸಾಲಿನ ಲೋಡ್, ಅಂದರೆ ಸರಾಸರಿ ಎಷ್ಟು ಕೆಲಸ ಪಾಳಿಯಲ್ಲಿವೆ ಅನ್ನೋ ಸಂಖ್ಯೆ, ಮಾತ್ರ 9. ಸಿಪಿಯು ಅರ್ಧ ಖಾಲಿ, ಲೋಡ್ 9. ಲಿನಕ್ಸ್‌ನಲ್ಲಿ ಡಿಸ್ಕ್ ಕಾಯುತ್ತಾ ಸಿಕ್ಕಿಬಿದ್ದವರೂ ಲೋಡ್ ಲೆಕ್ಕಕ್ಕೆ ಸೇರುತ್ತಾರೆ. ಎಸ್ ಕಾಲಂನಲ್ಲಿ ಡಿ ಅಕ್ಷರ ಇರುವವರು ಅವರೇ. ಗೇಟು ಖಾಲಿ, ಕಾಟಾ ಜಾಮ್.

ಸಂಜೆ ಏನು ಮಾಡ್ತೀಯಾ ಅಂತ ಕೇಳಿದೆ. ದಿನದ ಶೂಟಿಂಗ್ ಫೈಲ್‌ಗಳನ್ನು ಆರ್‌ಸಿಂಕ್‌ನಿಂದ ಹೊರಗಿನ ಯುಎಸ್‌ಬಿ ಹಾರ್ಡ್ ಡಿಸ್ಕ್‌ಗೆ ನಕಲು ಹಾಕುತ್ತಾನಂತೆ. ಅದಕ್ಕೂ ನೈಸ್ 19 ಕೊಟ್ಟಿದ್ದಾನೆ. ಆರ್‌ಸಿಂಕ್‌ಗೆ ಸಿಪಿಯು ಹೆಚ್ಚು ಬೇಕಾಗೇ ಇಲ್ಲ, ಹಾಗಾಗಿ 19ರಿಂದ ಅದಕ್ಕೆ ನಷ್ಟವೂ ಇಲ್ಲ, ನಮಗೆ ಲಾಭವೂ ಇಲ್ಲ.

ಡಿಸ್ಕಿನ ಪಾಳಿಗೆ ಐಒನೈಸ್ ಅಂತ ಬೇರೆ ಆಜ್ಞೆ ಇದೆ. ಮೂರು ವರ್ಗ: 1 ರಿಯಲ್‌ಟೈಮ್, 2 ಮಾಮೂಲಿ, 3 ಐಡಲ್. ಮಾಮೂಲಿ ಒಳಗೆ ಮತ್ತೆ 0ಯಿಂದ 7. ‘ಐಒನೈಸ್ -ಸಿ 3’ ಹಾಕಿದರೆ ಬೇರೆ ಯಾರೂ ಡಿಸ್ಕ್ ಕೇಳದಾಗ ಮಾತ್ರ ಇವನಿಗೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಇದೂ ಎಲ್ಲಾ ಕಡೆ ನಡೆಯೋದಿಲ್ಲ. ಆ ಡಿಸ್ಕಿನ ಶೆಡ್ಯೂಲರ್ ಯಾವುದು ಅನ್ನೋದರ ಮೇಲೆ ನಿಂತಿದೆ. ಸಿಸ್ ಒಳಗೆ ಬ್ಲಾಕ್, ಅದರೊಳಗೆ ಡಿಸ್ಕಿನ ಹೆಸರು, ಅದರೊಳಗೆ ಕ್ಯೂ ಫೋಲ್ಡರ್‌ನ ಶೆಡ್ಯೂಲರ್ ಫೈಲ್ ತೆರೆದು ನೋಡಿ. ಚೌಕ ಆವರಣದ ಒಳಗೆ ಇರೋದು ಈಗಿನದು. ಬಿಎಫ್‌ಕ್ಯೂ ಇದ್ದರೆ ಐಒನೈಸ್ ಮಾತು ಕೇಳುತ್ತದೆ. ನನ್, ಅಂದರೆ ಯಾವುದೂ ಇಲ್ಲ, ಅಂತಿದ್ದರೆ, ಎನ್‌ವಿಎಂಇ ಎಂಬ ವೇಗದ ಡಿಸ್ಕುಗಳಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ, ಐಒನೈಸ್ ಹಾಕೋದು ಸುಮ್ನೆ ಸಮಾಧಾನಕ್ಕೆ.

ಇನ್ನೂ ಒಂದು ತೊಡಕು. ಆರ್‌ಸಿಂಕ್ ಬರೆದದ್ದು ನೇರ ಡಿಸ್ಕಿಗೆ ಹೋಗೋದಿಲ್ಲ. ಮೊದಲು ಮೆಮೊರಿಗೆ ಹೋಗುತ್ತದೆ. ಆಮೇಲೆ ಕರ್ನಲ್ ತನ್ನದೇ ಕೈಯಿಂದ ಡಿಸ್ಕಿಗೆ ಇಳಿಸುತ್ತದೆ. ಇಳಿಸುವವನು ಕರ್ನಲ್, ಐಒನೈಸ್ ಹಾಕಿದ್ದು ಆರ್‌ಸಿಂಕ್‌ಗೆ. ನಿಧಾನದ ಯುಎಸ್‌ಬಿ ಡಿಸ್ಕಿಗೆ ಹೀಗೆ ರಾಶಿ ರಾಶಿ ಸುರಿದರೆ ಮೆಮೊರಿಯಲ್ಲಿ ಬಾಕಿ ತುಂಬಿ, ಏನನ್ನಾದರೂ ಬರೆಯಲು ಹೊರಟವರೆಲ್ಲ ನಿಂತುಬಿಡುತ್ತಾರೆ. ಬಿಲ್ಲಿಂಗ್ ನಿಂತದ್ದೂ ಹಾಗೇ.

ಕೊನೆಗೆ ಕೈ ಹಿಡಿದದ್ದು ಯಾವ ಪ್ರಿಯಾರಿಟಿಯೂ ಅಲ್ಲ, ವೇಗಕ್ಕೆ ಹಾಕಿದ ಕಡಿವಾಣ:

ಆರ್‌ಸಿಂಕ್ -ಎ --ಬಿಡಬ್ಲ್ಯೂಲಿಮಿಟ್=20000 …

ಸೆಕೆಂಡಿಗೆ ಸುಮಾರು 20 ಎಂಬಿ. ನಕಲು ಮುಗಿಯೋದು ತಡವಾಗುತ್ತದೆ. ಅಂಗಡಿ ಮುಚ್ಚುವ ಹೊತ್ತಿಗೆ ಹಚ್ಚಿ ಹೋಗು ಅಂದೆ.

ಡಬ್ಲ್ಯೂಎ ಜಾಸ್ತಿ ಇದ್ದೂ ಯಾವ ನಕಲೂ ನಡೆಯುತ್ತಿಲ್ಲ ಅಂದರೆ ‘ವಿಎಂಸ್ಟ್ಯಾಟ್ 1’ ಹೊಡೆದು ಎಸ್ಐ, ಎಸ್ಒ ಕಾಲಂ ನೋಡಿ. ಅಲ್ಲಿ ಸಂಖ್ಯೆಗಳು ನಿಲ್ಲದೆ ಓಡುತ್ತಿದ್ದರೆ ಮೆಮೊರಿ ಸಾಲದೆ ಸ್ವಾಪ್, ಅಂದರೆ ಮೆಮೊರಿಯಲ್ಲಿದ್ದುದನ್ನು ಡಿಸ್ಕಿಗೆ ಹಾಕಿ ತೆಗೆಯೋದು, ನಡೆಯುತ್ತಿದೆ. ಅದಕ್ಕೆ ಮದ್ದು ಮೆಮೊರಿ ಅಂಗಡಿಯಲ್ಲಿ ಸಿಗುತ್ತದೆ, ನೈಸ್‌ನಲ್ಲಿ ಅಲ್ಲ.

ಮೂರನೇ ದೋಷ: ಕೀಲಿಕೈ ಹಿಡಿದವನನ್ನೇ ಹಿಂದೆ ತಳ್ಳಿದ್ದು

ಎರಡು ದಿನ ಬಿಟ್ಟು ಹೋದೆ. ಎಲ್ಲಾ ಚೆನ್ನಾಗಿತ್ತು, ಒಂದು ಬಿಟ್ಟು. ಗಂಟೆಗೊಮ್ಮೆ, ಸರಿಯಾಗಿ ಗಂಟೆ ಹೊಡೆದಾಗ, ಬಿಲ್ ಉಳಿಸೋದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

ಗಂಟೆಗೊಮ್ಮೆ ಅಂದ ಕೂಡಲೇ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ನೋಡಿದೆ. ಬಿಲ್ಲಿನ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿನ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ಇತ್ತು. ಹುಡುಗ ಅದಕ್ಕೂ 19 ಹಾಕಿದ್ದ. ಅವನ ಲೆಕ್ಕ ಸರಿಯಾಗೇ ಇದೆ: ಹಿಂದಿನ ಕೆಲಸ, ಹಿಂದೆ ಇರಲಿ. ಆದರೆ ಆ ಸ್ಕ್ರಿಪ್ಟ್ ಫೈಲ್ ಓದುವಷ್ಟು ಹೊತ್ತು ಬೀಗ ಹಾಕಿಕೊಳ್ಳುತ್ತದೆ. ಬಿಲ್ಲಿಂಗ್ ಬರೆಯಬೇಕಾದರೆ ಆ ಬೀಗ ಬಿಡಬೇಕು. ರೆಂಡರ್ 15ರಲ್ಲಿ ಸಿಪಿಯು ತಿನ್ನುತ್ತಿದೆ, ಬೀಗ ಹಿಡಿದವನು 19ರಲ್ಲಿ ತೆವಳುತ್ತಿದ್ದಾನೆ, 0ಯಲ್ಲಿರುವ ಬಿಲ್ಲಿಂಗ್ ಅವನ ದಾರಿ ಕಾಯುತ್ತಿದೆ. ಅಂದರೆ ನಮ್ಮ ಮುಂದಿನ ಸಾಲಿನವನು ನಿಜವಾಗಿ 19ರಲ್ಲಿ ನಿಂತ ಹಾಗಾಯಿತು.

ಇದೇ ಜಾತಿಯ ತೊಂದರೆ 1997ರಲ್ಲಿ ಮಂಗಳ ಗ್ರಹದ ಮೇಲೆ ಆಗಿತ್ತು. ನಾಸಾದ ಪಾತ್‌ಫೈಂಡರ್ ನೌಕೆ ಆ ವರ್ಷ ಜುಲೈ 4ರಂದು ಇಳಿದ ಮೇಲೆ ಮತ್ತೆ ಮತ್ತೆ ತಾನೇ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಸೇರಿಸುವ ಕೆಳಗಿನ ಪ್ರಿಯಾರಿಟಿಯ ಕೆಲಸ ಬೀಗ ಹಿಡಿದಿತ್ತು. ಮೇಲಿನ ಪ್ರಿಯಾರಿಟಿಯ ಕೆಲಸ ಅದಕ್ಕೆ ಕಾಯುತ್ತಿತ್ತು. ನಡುವಿನವು ಬಂದು ಸಿಪಿಯು ಹಿಡಿದುಕೊಂಡವು. ಬೀಗ ಹಿಡಿದವನಿಗೆ ತಾತ್ಕಾಲಿಕವಾಗಿ ಕಾಯುವವನ ಪ್ರಿಯಾರಿಟಿ ಕೊಡುವ ಸೌಲಭ್ಯವನ್ನು ಭೂಮಿಯಿಂದಲೇ ಆನ್ ಮಾಡಿ ಸರಿಪಡಿಸಿದರು.

ನವನಗರದಲ್ಲಿ ಅಷ್ಟು ಬೇಕಾಗಲಿಲ್ಲ. ಬ್ಯಾಕಪ್ ಸ್ಕ್ರಿಪ್ಟ್‌ನ ನೈಸ್ ತೆಗೆದು 0ಗೆ ಬಿಟ್ಟೆ. ಬೇಗ ಓದಿ ಬೇಗ ಬೀಗ ಬಿಟ್ಟಿತು. ಈಗ ಗಂಟೆ ಹೊಡೆದಾಗ ಏನೂ ನಿಲ್ಲೋದಿಲ್ಲ.

ಉಳಿಯುವ ಹಾಗೆ ಮಾಡೋದು

ರಿನೈಸ್ ಕೊಟ್ಟದ್ದು ಆ ಪ್ರಾಸೆಸ್ ಇರುವವರೆಗೆ ಮಾತ್ರ. ಮುಗಿಸಿ ಮತ್ತೆ ಶುರು ಮಾಡಿದರೆ 0. ಅದಕ್ಕೆ ರೆಂಡರ್‌ಗೆ ಎರಡು ಸಾಲಿನ ಸ್ಕ್ರಿಪ್ಟ್ ಬರೆದು, ಡೆಸ್ಕ್‌ಟಾಪ್ ಐಕಾನ್ ಆ ಸ್ಕ್ರಿಪ್ಟನ್ನೇ ತೆರೆಯುವ ಹಾಗೆ ಮಾಡಿದೆ. ಹುಡುಗ ಇನ್ನು ಟರ್ಮಿನಲ್ ಮುಟ್ಟಬೇಕಿಲ್ಲ. ಕ್ರಾನ್ ಕೆಲಸಗಳಿಗೆ ಆ ಸಾಲಿನಲ್ಲಿರುವ ಆಜ್ಞೆಯ ಮುಂದೆಯೇ ‘ನೈಸ್ -ಎನ್ 15’ ಬರೆಯಬಹುದು. ಸಿಸ್ಟಮ್‌ಡಿ ಸೇವೆ ಆಗಿದ್ದರೆ ಯೂನಿಟ್ ಫೈಲ್‌ನ ಸರ್ವಿಸ್ ಭಾಗದಲ್ಲಿ ‘ನೈಸ್=15’ ಎಂದು ಒಂದು ಸಾಲು. ಅಲ್ಲಿ ನೈಸ್‌ನ ಮೊದಲ ಅಕ್ಷರ ದೊಡ್ಡದು.

ನಾನು 19 ಬಿಟ್ಟು 15 ಯಾಕೆ ಕೊಟ್ಟೆ ಅಂತ ಹುಡುಗ ಕೇಳಿದ. ದೊಡ್ಡ ಕಾರಣ ಏನಿಲ್ಲ. ಮುಂದೆ ಇನ್ನೊಂದು ಕೆಲಸವನ್ನು ಇದಕ್ಕಿಂತಲೂ ಹಿಂದೆ ಇಡಬೇಕಾಗಿ ಬಂದರೆ ಜಾಗ ಇರಲಿ ಅಂತ.

ವಿಂಡೋಸ್ ಅಂಗಡಿಗಳಿಗೆ

ಊರಲ್ಲಿ ಹೆಚ್ಚಿನ ಕೌಂಟರ್‌ಗಳಲ್ಲಿ ಇರೋದು ವಿಂಡೋಸ್. ಅಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಡೀಟೇಲ್ಸ್ ಟ್ಯಾಬ್‌ಗೆ ಹೋಗಿ, ಕಾರ್ಯಕ್ರಮದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸೆಟ್ ಪ್ರಿಯಾರಿಟಿ ಸಿಗುತ್ತದೆ. ಆರು ವರ್ಗ: ಲೋ, ಬಿಲೋ ನಾರ್ಮಲ್, ನಾರ್ಮಲ್, ಅಬೋವ್ ನಾರ್ಮಲ್, ಹೈ, ರಿಯಲ್‌ಟೈಮ್. ಒಳಗಿನ ಲೆಕ್ಕ 0ಯಿಂದ 31, ನಾರ್ಮಲ್ ಅಂದರೆ 8, ಮತ್ತು ಅಲ್ಲಿ ದೊಡ್ಡ ಸಂಖ್ಯೆಯೇ ಮುಂದೆ. ಲಿನಕ್ಸ್‌ನ ಹಾಗೆ ತೂಕದ ಹಂಚಿಕೆ ಅಲ್ಲ. ಮೇಲಿನವನು ತಯಾರಿದ್ದರೆ ಕೆಳಗಿನವನು ನಿಲ್ಲಬೇಕು. ಹಾಗಾಗಿ ರೆಂಡರ್‌ಗೆ ಬಿಲೋ ನಾರ್ಮಲ್ ಕೊಟ್ಟರೆ ಸಾಕು. ಇದು ಪೂರ್ತಿ ಪ್ರಾಸೆಸ್‌ಗೆ ತಗಲುತ್ತದೆ, ಆದರೆ ಕಾರ್ಯಕ್ರಮ ಮುಚ್ಚಿದರೆ ಮರೆತುಹೋಗುತ್ತದೆ. ದಿನಾ ಬೇಕಾದರೆ ಬ್ಯಾಚ್ ಫೈಲ್‌ನಲ್ಲಿ ‘ಸ್ಟಾರ್ಟ್ /ಬಿಲೋನಾರ್ಮಲ್’ ಎಂದು ಬರೆದು ಮುಂದೆ ಕಾರ್ಯಕ್ರಮದ ಹೆಸರು ಹಾಕಿ.

ರಿಯಲ್‌ಟೈಮ್ ಆರಿಸಿದರೂ ಮತ್ತೆ ನೋಡಿದಾಗ ಹೈ ಅಂತಲೇ ತೋರಿಸುತ್ತದೆ ಅಂತ ಕೆಲವರು ದೂರುತ್ತಾರೆ. ಟಾಸ್ಕ್ ಮ್ಯಾನೇಜರ್ ಅಡ್ಮಿನ್ ಅಧಿಕಾರದಲ್ಲಿ ಓಡುತ್ತಿಲ್ಲದಿದ್ದರೆ ವಿಂಡೋಸ್ ಹಾಗೇ ಮಾಡುತ್ತದೆ. ಅದನ್ನು ಸರಿಪಡಿಸಲು ಹೋಗಬೇಡಿ.